ಡೇರಿಗೆ ಎಂಟು ಲೀಟರ್, ಕರುವಿಗೆ ಎಷ್ಟು?

ನಮ್ಮೂರಲ್ಲಿ ಯಾರ ಮನೆ ಕಟ್ಟೆ ಮೇಲೆ ಕೂತು ಕೇಳಿದರೂ, ಆಕಳು ಬೆಳಿಗ್ಗೆ ಎಷ್ಟು ಲೀಟರ್ ಕೊಟ್ಟಿತು, ಡೇರಿಯಲ್ಲಿ ಫ್ಯಾಟ್ ಎಷ್ಟು ಬಂತು, ಹೋದ ಸಲದ ಬಿಲ್ ಎಷ್ಟಾಯ್ತು, ಎಲ್ಲ ಬಾಯಲ್ಲೇ ಇರುತ್ತೆ. ಅದೇ ಮನೆಯವರನ್ನು “ನಿಮ್ಮ ಕರ ಎಷ್ಟು ಕಿಲೋ ಐತ್ರಿ?” ಅಂತ ಕೇಳಿ ನೋಡಿ. “ಕರಾನ ಯಾರರ ತೂಗ್ತಾರೇನೋ ತಮ್ಮಾ?” ಅಂತ ನಗ್ತಾರೆ.

ತೂಗಬೇಕು ಅಂತ ಹೇಳೋಕೇ ಈ ಬರಹ.

ಊರು ಬೆಳಗಾವಿ ಜಿಲ್ಲೆಯ ಮಸಗುಪ್ಪಿ. ಮೊದಲು ಗೋಕಾಕ ತಾಲ್ಲೂಕಿನಲ್ಲಿತ್ತು, ಮೂಡಲಗಿ ಹೊಸ ತಾಲ್ಲೂಕಾದ ಮೇಲೆ ಆ ಕಡೆ ಸೇರಿತು. ಘಟಪ್ರಭೆಯ ನೀರು, ಕಬ್ಬು, ಗೋವಿನಜೋಳ, ಮನೆಗೆ ಎರಡೋ ಮೂರೋ ದನ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ತಿಂಗಳಲ್ಲಿ ಒಂದು ವಾರ ಊರಿಂದಲೇ ಲಾಗಿನ್ ಆಗ್ತೀನಿ. ನಮ್ಮ ಮನೆಯಲ್ಲಿ ಎರಡು ಎಚ್‌ಎಫ್ ಕ್ರಾಸ್ ಆಕಳು, ಒಂದು ಎಮ್ಮೆ ಇವೆ. ನಿಮ್ಮಲ್ಲಿ ಸುಮಾರು ಜನರ ಮನೆ ಕಥೆಯೂ ಇದೇ ಇರಬಹುದು. ನಾವು ಇಲ್ಲಿ ಫ್ಲಾಟ್‌ನಲ್ಲಿ, ಅಪ್ಪ ಅವ್ವ ಅಲ್ಲಿ ದನದ ಜೊತೆ. ಆಗಾಗ ದುಡ್ಡು ಕಳಿಸ್ತೀವಿ, “ಇನ್ನ ಸಾಕು, ದನ ಮಾರಿಬಿಡ್ರಿ” ಅಂತೀವಿ. ಅವರು ಮಾರಲ್ಲ.

ಎರಡು ವರ್ಷದ ಹಿಂದೆ ಅಪ್ಪ ಹೊರಗಿಂದ ಒಂದು ಆಕಳು ಕೊಂಡು ತಂದರು. ಕೊಟ್ಟವರು ಎರಡನೇ ಸೂಲು ಅಂದಿದ್ದರು. ಮನೆಗೆ ಬಂದ ಮೇಲೆ ಹಲ್ಲು ನೋಡಿದ ಪಶು ವೈದ್ಯರು ನಾಲ್ಕೋ ಐದೋ ಆಗಿರಬೇಕು ಅಂದರು. ಒಂದು ಮೊಲೆಯಲ್ಲಿ ಹಾಲೇ ಇರಲಿಲ್ಲ. ಎಪ್ಪತ್ತು ಸಾವಿರ ಹೋಯ್ತು. ಆವತ್ತು ಮನೆಯಲ್ಲಿ ತೀರ್ಮಾನ ಆಯ್ತು, ಇನ್ನು ಮೇಲೆ ಆಕಳು ಕೊಳ್ಳೋದು ಬೇಡ, ನಮ್ಮ ಕರುವನ್ನೇ ಬೆಳೆಸೋಣ ಅಂತ. ಆಗ ಎದುರಾದ ಪ್ರಶ್ನೆ ಏನಂದ್ರೆ, ನಮ್ಮ ಮನೆಯಲ್ಲಿ ಹುಟ್ಟಿದ ಕರು ಆಕಳಾಗೋಕೆ ಎಷ್ಟು ದಿನ ಹಿಡಿದಿದೆ?

ಅಪ್ಪನ ಹತ್ತಿರ ಬರೆದಿಟ್ಟ ಲೆಕ್ಕ ಇಲ್ಲ, ಆದರೆ ನೆನಪಿದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ, ಮೂಡಲಗಿ ಭಾಗದ ಹಳ್ಳಿಗಳಿಗೆ ನೀರು ನುಗ್ಗಿತಲ್ಲ, ಆಗ ಅದು ಎರಡು ತಿಂಗಳ ಕರು. ದನ ಹೊಡೆದುಕೊಂಡು ಎತ್ತರದ ಜಾಗಕ್ಕೆ ಹೋಗಿ, ದಿನಗಟ್ಟಲೆ ತಾಡಪತ್ರಿ ಕೆಳಗೆ ಕಟ್ಟಿದ್ದರು. ದೊಡ್ಡ ದನಕ್ಕೇ ಮೇವಿರಲಿಲ್ಲ, ತಾಯಿ ಹಾಲು ಬತ್ತಿಸಿತ್ತು, ಕರು ಕೆಸರಲ್ಲೇ ಮಲಗ್ತಿತ್ತು. ನೀರು ಇಳಿದ ಮೇಲೆ ಅದಕ್ಕೆ ಭೇದಿ, ಆಮೇಲೆ ಕೆಮ್ಮು. ಬದುಕಿಕೊಂಡಿತು. ಆದರೆ ಮೊದಲ ಸಲ ಈದದ್ದು 2023ರ ಆರಂಭದಲ್ಲಿ. ಹೆಚ್ಚುಕಡಿಮೆ 43 ತಿಂಗಳು! “ನೆರಿ ಬಂದಿತ್ತಲ್ಲ, ಅದಕ್ಕ ಹಂಗಾತು” ಅಂತಾರೆ ಅಪ್ಪ. ಸರಿ. ಆದರೆ ನೆರೆ ಇಲ್ಲದ ವರ್ಷ ಹುಟ್ಟಿದ ಕರುಗಳ ಕಥೆಯೂ ಭಾಳ ಬೇರೆ ಇಲ್ಲ. ಊರಲ್ಲಿ ಕೇಳಿ, ಮೂರು ವರ್ಷ, ಮೂರೂವರೆ ವರ್ಷ ಅನ್ನೋದೇ ಮಾಮೂಲು.

ಇಲ್ಲಿ ಸಣ್ಣ ಲೆಕ್ಕ ಹಾಕೋಣ. ಕ್ರಾಸ್ ತಳಿಯ ಕರು ಹುಟ್ಟುವಾಗ ಸುಮಾರು 25 ಕಿಲೋ ಇರುತ್ತೆ ಅಂತ ಇಟ್ಕೊಳ್ಳಿ. ಗಬ್ಬ ಕಟ್ಟಿಸೋಕೆ ಅದು ಸುಮಾರು 250 ಕಿಲೋ ಆಗಬೇಕು ಅಂತಾರೆ. ವಯಸ್ಸಿಗಿಂತ ತೂಕ ಮುಖ್ಯ, ಬೆದೆಗೆ ಬರೋದು ತೂಕ ನೋಡಿಕೊಂಡೇ. ಅಂದರೆ 225 ಕಿಲೋ ಬೆಳೀಬೇಕು. ದಿನಕ್ಕೆ 450 ಗ್ರಾಂ ಬೆಳೆದರೆ 500 ದಿನ ಸಾಕು. ದಿನಕ್ಕೆ 250 ಗ್ರಾಂ ಆದರೆ 900 ದಿನ ಬೇಕು. ಅದರ ಮೇಲೆ ಗರ್ಭದ 280 ದಿನ. ಮೊದಲನೆಯದು 26 ತಿಂಗಳಿಗೆ ಈಯುತ್ತೆ, ಎರಡನೆಯದು 39 ತಿಂಗಳಿಗೆ. ನಡುವಿನ 400 ದಿನ ಒಂದು ಹನಿ ಹಾಲಿಲ್ಲದೆ ಮೇವು ಹಾಕಬೇಕು. ದಿನಕ್ಕೆ ಬರೀ 50 ರೂಪಾಯಿ ಅಂದುಕೊಂಡರೂ 20 ಸಾವಿರ ಆಯ್ತು.

ಈಗ ಇನ್ನೊಂದು ಕಡೆ ನೋಡಿ. 25 ಕಿಲೋ ಕರುವಿಗೆ ಅದರ ತೂಕದ ಹತ್ತನೇ ಒಂದು ಭಾಗ, ಅಂದರೆ ದಿನಕ್ಕೆ ಎರಡೂವರೆ ಲೀಟರ್ ಹಾಲು, ಎರಡು ತಿಂಗಳು ಕೊಟ್ಟರೆ 150 ಲೀಟರ್. ಲೀಟರಿಗೆ 35 ರೂಪಾಯಿ ಹಿಡಿದರೆ 5,250. ಕರುವಿನ ಬಾಯಿಂದ ಉಳಿಸೋದು ಈ ದುಡ್ಡು. ಆಫೀಸಲ್ಲಿ ಯಾರಾದರೂ ಇಂಥ ಉಳಿತಾಯದ ಪ್ಲಾನ್ ತಂದರೆ ಮ್ಯಾನೇಜರ್ ಮೊದಲ ಸ್ಲೈಡ್‌ನಲ್ಲೇ ನಿಲ್ಲಿಸ್ತಾರೆ.

ಆದರೆ ಅಪ್ಪನ ಲೆಕ್ಕವೂ ದಡ್ಡತನದ್ದಲ್ಲ. ಡೇರಿ ಬಿಲ್ ಈ ತಿಂಗಳೇ ಬರುತ್ತೆ, ಸರ್ಕಾರದ ಪ್ರೋತ್ಸಾಹಧನವೂ ಡೇರಿಗೆ ಹಾಕಿದ ಲೀಟರಿಗೇ ಹೊರತು ಕರು ಕುಡಿದ ಲೀಟರಿಗಲ್ಲ. ಹಿಂಡಿ ಅಂಗಡಿ ಸಾಲ ಈ ತಿಂಗಳೇ ತೀರಬೇಕು. ಕರು ಕೊಡೋ ಲಾಭ ಎರಡು ಮೂರು ವರ್ಷ ಆಚೆ ಇದೆ. ಸಂಬಳದವರಾದ ನಮ್ಮಂಥವರು ಇಲ್ಲಿ ಒಂದು ಕೆಲಸ ಮಾಡಬಹುದು. “ಮಾರಿಬಿಡ್ರಿ” ಅನ್ನೋದರ ಬದಲು ಆ ಎರಡು ತಿಂಗಳ 150 ಲೀಟರಿನ ದುಡ್ಡು ಕೊಡೋದು. ನಾನು ಮಾಡಿದ್ದು ಅಷ್ಟೇ. ತಿಂಗಳಿಗೆ 2,600 ರೂಪಾಯಿ ಅಪ್ಪನಿಗೆ ಫೋನ್‌ಪೇ ಮಾಡಿ, ಆ ಹಾಲು ನನ್ನದು, ಅದನ್ನ ಕರುವಿಗೇ ಹಾಕಬೇಕು ಅಂದೆ. “ಹುಚ್ಚ ಅದಿ ನೀ” ಅಂದರು. ಆದರೆ ಹಾಕಿದರು.

ಹುಟ್ಟೋಕೆ ಮೊದಲೇ ಶುರು

ಕರು ಚಿಕ್ಕದಾಗಿ ಹುಟ್ಟಿದರೆ ತಳಿ ಸರಿ ಇಲ್ಲ ಅಂತೀವಿ. ಆದರೆ ಹೊಟ್ಟೆಯಲ್ಲಿರುವ ಕರು ತನ್ನ ತೂಕದ ಹೆಚ್ಚಿನ ಪಾಲನ್ನು ಕೊನೆಯ ಎರಡು ಮೂರು ತಿಂಗಳಲ್ಲಿ ಗಳಿಸುತ್ತೆ. ನಮ್ಮ ಕಡೆ ಅದೇ ಹೊತ್ತಿಗೆ ತಾಯಿ ಹಾಲು ಬಿಟ್ಟಿರುತ್ತೆ. ಹಾಲು ಕೊಡದ ಆಕಳಿಗೆ ಹಿಂಡಿ ಯಾಕೆ ಅಂತ ಅದೂ ನಿಲ್ಲುತ್ತೆ. ಕಬ್ಬು ಕಡಿಯೋ ಹಂಗಾಮಾದರೆ ಇನ್ನೂ ಸುಲಭ, ಗಾಡಿಗಟ್ಟಲೆ ಕಬ್ಬಿನ ಸೊಪ್ಪು ಪುಕ್ಕಟೆ ಸಿಗುತ್ತೆ. ಹಸಿರಾಗಿದೆ, ಹೊಟ್ಟೆ ತುಂಬುತ್ತೆ, ಆಕಳು ತೃಪ್ತಿಯಿಂದ ಮೆಲುಕು ಹಾಕುತ್ತೆ. ತಿಂಗಳುಗಟ್ಟಲೆ ಅದನ್ನೇ ಹಾಕ್ತಾರೆ.

ಕಬ್ಬಿನ ಸೊಪ್ಪಿನಲ್ಲಿ ಪ್ರೋಟೀನ್ ಕಡಿಮೆ, ನಾರು ಜಾಸ್ತಿ. ಅದರಲ್ಲಿರೋ ಆಕ್ಸಲೇಟ್ ಅನ್ನೋ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಮೈಗೆ ಹತ್ತದ ಹಾಗೆ ಮಾಡುತ್ತೆ. ಅಂದರೆ ಕರು ಎಲ್ಲಕ್ಕಿಂತ ಜೋರಾಗಿ ಬೆಳೆಯೋ ಹೊತ್ತಿಗೆ ಸರಿಯಾಗಿ ತಾಯಿಗೆ ಬರೀ ಹೊಟ್ಟೆ ತುಂಬಿಸೋ ಮೇವು. ಅಲ್ಲಿಂದ ಹುಟ್ಟೋ ಕರು ಸಣ್ಣದು, ಏಳೋಕೆ ತಡ, ತಾಯಿಯ ಗಿಣ್ಣದ ಹಾಲೂ ಸಾರ ಕಡಿಮೆ. ನಮ್ಮ ಸಕ್ಕರೆ ಸೀಮೆಗೆ ಇದು ದೊಡ್ಡ ವಿಷಯ ಅಂತ ನನಗನಿಸುತ್ತೆ. ಆದರೂ ಗೋಕಾಕದಿಂದ ಹುಕ್ಕೇರಿವರೆಗೆ ಯಾರ ಬಾಯಲ್ಲೂ ಇದರ ಮಾತು ಕೇಳಿಲ್ಲ. ಕಬ್ಬಿನ ಸೊಪ್ಪು ಬಿಡಬೇಕಂತಿಲ್ಲ. ಅದರ ಜೊತೆ ಜೋಳದ ಕಣಕಿ, ಸ್ವಲ್ಪ ಕುದುರೆ ಮೆಂತ್ಯೆ ಅಥವಾ ಅಲಸಂದಿ ಮೇವು, ಖನಿಜ ಮಿಶ್ರಣ, ಕೊನೆಯ ಎರಡು ತಿಂಗಳು ದಿನಕ್ಕೆ ಒಂದೆರಡು ಕಿಲೋ ಹಿಂಡಿ ಇದ್ದರೆ ಸಾಕು.

ಗಿಣ್ಣ ಯಾರದು?

ಈಗ ಮನೆಯಲ್ಲಿ ಜಗಳ ಹಚ್ಚುವ ವಿಷಯಕ್ಕೆ ಬರ್ತೀನಿ.

ನಮಗೆಲ್ಲ ತಾಯಿ ಹೊಟ್ಟೆಯಲ್ಲಿದ್ದಾಗಲೇ ಮಾಸಿನ ಮೂಲಕ ರೋಗ ತಡೆಯೋ ಪ್ರತಿಕಾಯಗಳು ಒಂದಿಷ್ಟು ಬಂದಿರುತ್ತವೆ. ದನದ ಮಾಸಿನ ರಚನೆ ಬೇರೆ, ಅದು ಪ್ರತಿಕಾಯಗಳನ್ನು ದಾಟಿಸಲ್ಲ. ಹಾಗಾಗಿ ಕರು ಹುಟ್ಟುವಾಗ ರಕ್ತದಲ್ಲಿ ರಕ್ಷಣೆ ಅನ್ನೋದು ಹೆಚ್ಚುಕಡಿಮೆ ಸೊನ್ನೆ. ಎಲ್ಲವೂ ಗಿಣ್ಣದ ಹಾಲಿಂದಲೇ ಬರಬೇಕು. ಹುಟ್ಟಿದ ಕರುವಿನ ಕರುಳು ಆ ದೊಡ್ಡ ಪ್ರೋಟೀನ್‌ಗಳನ್ನು ಅರಗಿಸದೆ ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತೆ. ಆದರೆ ಆ ಬಾಗಿಲು ಗಂಟೆ ಗಂಟೆಗೂ ಮುಚ್ಚುತ್ತಾ ಹೋಗುತ್ತೆ. ಮೊದಲ ಆರು ಗಂಟೆ ಅತಿ ಮುಖ್ಯ, 24 ಗಂಟೆ ಹೊತ್ತಿಗೆ ಪೂರ್ತಿ ಬಂದ್. ಆಮೇಲೆ ಬಕೆಟ್‌ಗಟ್ಟಲೆ ಗಿಣ್ಣ ಕುಡಿಸಿದರೂ ಅದು ಒಳ್ಳೆ ಆಹಾರ ಅಷ್ಟೇ, ರಕ್ತಕ್ಕೆ ಹೋಗೋ ರಕ್ಷಣೆ ಅಲ್ಲ.

ನಮ್ಮ ಕಡೆ ಪದ್ಧತಿ ಏನು? ಮಾಸು ಬೀಳೋವರೆಗೆ ಕರುವಿಗೆ ಮೊಲೆ ಕೊಡಬಾರದು. ಕೆಲವೊಮ್ಮೆ ಮಾಸು ಬೀಳೋಕೆ ಎಂಟು, ಹತ್ತು ಗಂಟೆ ಆಗುತ್ತೆ. ರಾತ್ರಿ ಈದರೆ ಬೆಳಿಗ್ಗೆ ನೋಡೋಣ ಅಂತ ಮಲಗ್ತಾರೆ. ಅಷ್ಟರಲ್ಲಿ ಕರುವಿನ ಅತಿ ಮುಖ್ಯ ಹೊತ್ತು ಮುಗಿದಿರುತ್ತೆ. ನಿಜಕ್ಕೂ ಕರು ಮೊಲೆ ಚೀಪಿದರೆ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಹರಿದು ಗರ್ಭಕೋಶ ಹಿಂಡುತ್ತೆ, ಮಾಸು ಬೀಳೋಕೆ ಅದರಿಂದ ಅನುಕೂಲವೇ ಹೊರತು ತೊಂದರೆ ಇಲ್ಲ.

ಎರಡನೇ ತೊಡಕು ನಮ್ಮ ಆಯಿ. ಆಕಳು ಈದರೆ ಮೊದಲ ಹಾಲಿನ ಗಿಣ್ಣ ಮಾಡಿ ಓಣಿಯ ಐದು ಮನೆಗೆ ಕೊಡಲೇಬೇಕು ಆಕೆಗೆ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣ ನನಗೂ ಪ್ರಾಣ. ಅದು ಯಾಕೆ ಹಾಗೆ ಗಟ್ಟಿಯಾಗಿ ಹೆಪ್ಪುಗಟ್ಟುತ್ತೆ ಅಂತ ಯೋಚಿಸಿದ್ದೀರಾ? ಮಾಮೂಲು ಹಾಲು ಎಷ್ಟು ಕಾಸಿದರೂ ಹಾಗೆ ಆಗಲ್ಲ. ಗಿಣ್ಣದ ಹಾಲಿನಲ್ಲಿ ಪ್ರತಿಕಾಯದ ಪ್ರೋಟೀನ್‌ಗಳು ಅಷ್ಟು ದಟ್ಟವಾಗಿರುತ್ತವೆ, ಬಿಸಿ ತಾಗಿದರೆ ಮೊಟ್ಟೆಯ ಬಿಳಿ ಭಾಗದ ಹಾಗೆ ಗಟ್ಟಿಯಾಗುತ್ತವೆ. ನಾವು ಚಮಚದಲ್ಲಿ ಕತ್ತರಿಸಿ ತಿನ್ನೋದು ಕರುವಿನ ಲಸಿಕೆಯನ್ನೇ! ಮೊದಲ ದಿನದ ಗಿಣ್ಣ ಇಟ್ಟಿಗೆಯಂತೆ ಗಟ್ಟಿ, ಮೂರನೇ ದಿನದ್ದು ಮೆತ್ತಗೆ ಅಂತ ಆಯಿಗೆ ಗೊತ್ತು. ಮೂರು ದಿನದಲ್ಲಿ ಪ್ರತಿಕಾಯ ಎಷ್ಟು ಇಳಿಯುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಆಯಿಗೆ ಇದನ್ನೇ ಹೇಳಿದೆ. ವಿಜ್ಞಾನ ಅಂತ ಹೇಳಲಿಲ್ಲ, “ಆಯಿ, ಗಟ್ಟಿ ಗಿಣ್ಣ ಕರದ ಪಾಲು, ಮೆತ್ತಂದು ಓಣಿ ಪಾಲು” ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಓಣ್ಯಾಗಿನ ಮಂದಿ ಏನಂತಾರ?” ಅಂದಳು. ಕೊನೆಗೆ ಒಪ್ಪಂದ ಆಯ್ತು. ಮೊದಲ ದಿನದ ಮೊದಲೆರಡು ಹೊತ್ತು ಕರುವಿಗೆ ಬೇಕಾದಷ್ಟು ಕುಡಿಸಿ, ಹೆಚ್ಚಿಗೆ ಉಳಿದರೆ ಮಾತ್ರ ಒಲೆಗೆ. ಎಚ್‌ಎಫ್ ಕ್ರಾಸ್ ಆಕಳಿಗೆ ಮೊದಲ ದಿನವೇ ಕರುವಿಗೆ ಮಿಗುವಷ್ಟು ಬರುತ್ತೆ, ಹಾಗಾಗಿ ಓಣಿಗೂ ಗಿಣ್ಣ ತಪ್ಪಲಿಲ್ಲ. ಮಿಕ್ಕಿದ್ದರಲ್ಲಿ ಒಂದು ಲೀಟರ್ ಫ್ರಿಜ್ಜಿನ ಫ್ರೀಜರ್‌ನಲ್ಲೂ ಇಟ್ಟಿದ್ದೇವೆ. ತಾಯಿ ಸತ್ತ ಕರುವಿಗೋ, ಮೊದಲ ಸೂಲಿನ ಆಕಳಿನ ಕರುವಿಗೋ ಬೇಕಾಗುತ್ತೆ. ತಿಂಗಳುಗಟ್ಟಲೆ ಕೆಡಲ್ಲ. ಕರಗಿಸುವಾಗ ಮಾತ್ರ ಕುದಿಸಬಾರದು, ಕೈ ತಡೆಯೋ ಬಿಸಿ ನೀರಲ್ಲಿ ಪ್ಯಾಕೆಟ್ ಇಡಬೇಕು. ಕುದಿಸಿದರೆ ಅದೇ ಗಿಣ್ಣ ಆಗಿಬಿಡುತ್ತೆ!

ಎಷ್ಟು ಕುಡಿಸಬೇಕು? ಮೊದಲ ಒಂದೆರಡು ಗಂಟೆಯಲ್ಲಿ ಒಂದೂವರೆ ಲೀಟರಿನಷ್ಟು, ಹನ್ನೆರಡು ಗಂಟೆ ಒಳಗೆ ಒಟ್ಟು ತೂಕದ ಹತ್ತನೇ ಒಂದು ಭಾಗ. ಮೊಲೆ ಚೀಪೋಕೆ ಬಿಟ್ಟರೆ ಎಷ್ಟು ಕುಡಿಯಿತು ಅಂತ ಗೊತ್ತಾಗಲ್ಲ, ಬಾಟಲಿಯಲ್ಲಾದರೆ ಗೊತ್ತಾಗುತ್ತೆ. ಕರು ಹುಟ್ಟಿದ ಕೂಡಲೇ ಹೊಕ್ಕುಳ ಬಳ್ಳಿಯನ್ನು ಅಯೋಡಿನ್ ಟಿಂಕ್ಚರ್‌ನಲ್ಲಿ ಅದ್ದಬೇಕು. ಸಗಣಿ, ಗಂಜಳದ ನೆಲದಲ್ಲಿ ಹಸಿ ಹೊಕ್ಕುಳ ಅಂದರೆ ರೋಗಕ್ಕೆ ತೆರೆದ ಬಾಗಿಲು. ಹೊಕ್ಕುಳ ಬಾತು, ಮಂಡಿ ಊದಿ ಸತ್ತ ಕರುಗಳನ್ನು ನಮ್ಮ ಕಡೆ “ದೃಷ್ಟಿ ಆಗಿತ್ತು” ಅಂತ ಮರೆತುಬಿಡ್ತಾರೆ.

ಒಂದು ಮೊಲೆ ಲೆಕ್ಕ

ಗಿಣ್ಣದ ದಿನ ಮುಗಿದ ಮೇಲೆ ಹಾಲಿನ ಪ್ರಶ್ನೆ. ನಮ್ಮಲ್ಲಿ ಕರು ಬಿಟ್ಟು ಸೊರ ಬಿಡಿಸಿ, ಎಳೆದು ಗೂಟಕ್ಕೆ ಕಟ್ಟಿ, ಹಾಲು ಹಿಂಡಿ, ಕೊನೆಗೆ ಒಂದು ಮೊಲೆ ಬಿಡ್ತಾರೆ. ನಗರದ ಡೇರಿ ಫಾರಂ ನೋಡಿದವರು ಇದನ್ನು ಹಳೇ ಕಾಲದ್ದು ಅಂತಾರೆ. ನನಗೆ ಹಾಗನ್ನಿಸಲ್ಲ. ಲ್ಯಾಟಿನ್ ಅಮೆರಿಕದ ಬಿಸಿಲ ದೇಶಗಳಲ್ಲಿ ಇದೇ ಪದ್ಧತಿ ಮೇಲೆ ಸಾಕಷ್ಟು ಅಧ್ಯಯನ ಆಗಿದೆ. ಹಾಲು ಕರೆದ ಮೇಲೆ ಕರುವನ್ನು ತಾಯಿ ಹತ್ತಿರ ಬಿಟ್ಟರೆ ಕರು ಚೆನ್ನಾಗಿ ಬೆಳೆಯುತ್ತೆ, ತಾಯಿಗೆ ಕೆಚ್ಚಲು ಬಾವು ಕಡಿಮೆ ಅಂತ ಕಂಡಿದ್ದಾರೆ. ಕೊನೆಯ ಹಾಲಿನಲ್ಲಿ ಜಿಡ್ಡೂ ಹೆಚ್ಚು. ಬಕೆಟ್ ತೊಳೆಯೋ ತಾಪತ್ರಯವೂ ಇಲ್ಲ. ನಮ್ಮ ಹಿರಿಯರ ಪದ್ಧತಿ ಸರಿಯಾಗೇ ಇದೆ, ಆ ಒಂದು ಮೊಲೆಯಲ್ಲಿ ಎಷ್ಟು ಉಳಿಸ್ತೀವಿ ಅನ್ನೋದೇ ಪ್ರಶ್ನೆ. ಡೇರಿ ದರ ಏರಿದ ತಿಂಗಳು ಆ ಮೊಲೆಯೂ ಖಾಲಿ ಇರುತ್ತೆ. ಕರು ಚೀಪುತ್ತಾ ಗುದ್ದುತ್ತಾ ಇರುತ್ತೆ, ನಾವು “ಕುಡೀತೈತಿ” ಅಂದುಕೊಳ್ತೀವಿ.

ಅದಕ್ಕೇ ಟೇಪು. ದರ್ಜಿ ಅಂಗಡಿಯಲ್ಲಿ ಸಿಗೋ ಮಾಮೂಲು ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ತಗೊಳ್ಳಿ. ಭುಜದ ಮೂಳೆಯಿಂದ ಬಾಲದ ಬುಡದ ಪಕ್ಕದ ಮೂಳೆವರೆಗೆ ಉದ್ದ ತಗೊಳ್ಳಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಬಂದದ್ದು ಕಿಲೋ ತೂಕ. ಇದು ಶೇಫರ್ ಸೂತ್ರ ಅಂತ ಪಶು ವೈದ್ಯರೆಲ್ಲರಿಗೂ ಗೊತ್ತಿರೋದೇ. ಒಂದೆರಡು ಕಿಲೋ ಆಚೀಚೆ ಆಗುತ್ತೆ, ಆಗಲಿ. ನಮಗೆ ಬೇಕಾಗಿರೋದು ಹದಿನೈದು ದಿನಕ್ಕೊಮ್ಮೆ ಏರ್ತಾ ಇದೆಯೋ ನಿಂತಿದೆಯೋ ಅನ್ನೋದು.

ನಮ್ಮ ಈಗಿನ ಕರು ಹುಟ್ಟಿದ ಮರುದಿನ 27 ಇಂಚು ಸುತ್ತಳತೆ, 22 ಇಂಚು ಉದ್ದ ಇತ್ತು. ಸೂತ್ರದ ಪ್ರಕಾರ 24 ಕಿಲೋ. ತಿಂಗಳಿಗೆ 34, ಎರಡು ತಿಂಗಳಿಗೆ 49, ಮೂರು ತಿಂಗಳಿಗೆ 64. ಮೊದಲ ತಿಂಗಳು ದಿನಕ್ಕೆ 300 ಗ್ರಾಂ ಚಿಲ್ಲರೆ, ಆಮೇಲೆ 500. ಸರಾಸರಿ ಸುಮಾರು 440 ಗ್ರಾಂ. ಅಳತೆ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸೋದು ಅವ್ವ, ಶೀಟ್‌ಗೆ ಹಾಕೋದು ನಾನು.

ಈ ಎಳೆ ವಯಸ್ಸಿನ ಬೆಳವಣಿಗೆ ಬರೀ ಬೇಗ ಗಬ್ಬ ಆಗೋಕಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಲು ಬಿಡಿಸೋಕೆ ಮೊದಲಿನ ದಿನಗಳಲ್ಲಿ ಕರು ದಿನಕ್ಕೆ ಒಂದು ಕಿಲೋ ಹೆಚ್ಚು ಬೆಳೆದರೆ ಮೊದಲ ಸೂಲಿನಲ್ಲಿ ಸುಮಾರು 850 ಕಿಲೋ ಹೆಚ್ಚು ಹಾಲು ಅನ್ನೋ ಸಂಬಂಧ ಕಂಡಿತು. ಅದು ಅಲ್ಲಿನ ಹೋಲ್‌ಸ್ಟೀನ್, ಅಲ್ಲಿನ ಮೇವು. ಆ ಅಂಕಿಯನ್ನು ಹಾಗೇ ಮಸಗುಪ್ಪಿಗೆ ತಂದು ಕಟ್ಟೋಕೆ ಬರಲ್ಲ. ಆದರೆ ದಿಕ್ಕು ಮಾತ್ರ ಸ್ಪಷ್ಟ. ಕೆಚ್ಚಲಿನ ಭವಿಷ್ಯ ಕರು ಗೂಟದಲ್ಲಿರುವಾಗಲೇ ಒಂದಿಷ್ಟು ತೀರ್ಮಾನ ಆಗಿರುತ್ತೆ.

ಡೊಳ್ಳು ಹೊಟ್ಟೆ

ನಮ್ಮೂರಲ್ಲಿ ಮೂರು ತಿಂಗಳ ಕರು ಅಂದರೆ ಕಣ್ಣಿಗೆ ಬರೋ ಚಿತ್ರ ಇದು. ಸಣ್ಣ ಎದೆ, ಒರಟು ಕೂದಲು, ಎರಡೂ ಕಡೆ ಉಬ್ಬಿದ ಹೊಟ್ಟೆ. “ಹೊಟ್ಟಿ ತುಂಬೈತಿ ನೋಡ್ರಿ” ಅಂತಾರೆ. ತುಂಬಿರೋದು ಒಣ ಮೇವು ಮತ್ತು ಹುಳ.

ಹುಟ್ಟಿದ ಕರುವಿಗೆ ಮೇವು ಹುದುಗಿಸೋ ದೊಡ್ಡ ಹೊಟ್ಟೆ, ಅಂದರೆ ರೂಮೆನ್, ಇನ್ನೂ ಕೆಲಸ ಶುರು ಮಾಡಿರಲ್ಲ. ಕುಡಿದ ಹಾಲು ಒಂದು ಕಾಲುವೆ ಮೂಲಕ ಅದನ್ನು ಬಳಸಿಕೊಂಡು ನೇರ ನಾಲ್ಕನೇ ಹೊಟ್ಟೆಗೆ ಹೋಗುತ್ತೆ. ರೂಮೆನ್ ಒಳಗೋಡೆಯಲ್ಲಿ ಸಾರ ಹೀರೋ ಸಣ್ಣ ಸಣ್ಣ ಬೆರಳಿನಂಥ ಮೊಳಕೆ ಬೆಳೀಬೇಕು. ಅವು ಬೆಳೆಯೋದು ಕಾಳು ಹುದುಗಿದಾಗ ಬರೋ ಆಮ್ಲದಿಂದ, ಅದರಲ್ಲೂ ಬ್ಯುಟಿರಿಕ್ ಆಮ್ಲದಿಂದ. ಬರೀ ಹುಲ್ಲು ಹಾಕಿದರೆ ಹೊಟ್ಟೆ ಹಿಗ್ಗುತ್ತೆ, ಮೊಳಕೆ ಬರಲ್ಲ. ಮೇಲಾಗಿ ನಮ್ಮ ಬಿಸಿಲ ನಾಡಿನ ಹುಲ್ಲು, ನೇಪಿಯರ್ ಇರಲಿ, ಜೋಳದ ಕಣಕಿ ಇರಲಿ, ಚಳಿ ದೇಶದ ಹುಲ್ಲಿಗಿಂತ ನಾರು ಹೆಚ್ಚು, ಅರಗೋದು ನಿಧಾನ. ದೊಡ್ಡ ದನ ಅದರಲ್ಲಿ ಬದುಕುತ್ತೆ, ಎಳೆ ಕರು ಬದುಕಲ್ಲ. ಹಾಗಾಗಿ ಹತ್ತನೇ ದಿನದಿಂದಲೇ ಒಂದು ಹಿಡಿ ಕರುವಿನ ಸ್ಟಾರ್ಟರ್ ಬಾಯಿಗೆ ಸವರಿ ಅಭ್ಯಾಸ ಮಾಡಿಸಬೇಕು. ದಿನಕ್ಕೆ ಮುಕ್ಕಾಲು ಕಿಲೋದಿಂದ ಒಂದು ಕಿಲೋ ತಿನ್ನೋಕೆ ಶುರು ಮಾಡಿದ ಮೇಲೆ ಹಾಲು ಬಿಡಿಸಿದರೆ ತೂಕ ಬೀಳಲ್ಲ. ದೊಡ್ಡ ದನಕ್ಕೆ ಹಾಕೋ ಪಶು ಆಹಾರದಲ್ಲಿ ಯೂರಿಯಾ ಇರಬಹುದು. ಅದನ್ನು ಎಳೆ ಕರುವಿಗೆ ಹಾಕಬೇಡಿ, ಅದರ ಹೊಟ್ಟೆಗೆ ಆ ಶಕ್ತಿ ಇನ್ನೂ ಬಂದಿರಲ್ಲ.

ಇನ್ನು ನೀರು. ಹಾಲು ಕುಡಿಯುತ್ತಲ್ಲ, ನೀರು ಯಾಕೆ ಅಂತ ಎಲ್ಲರೂ ಕೇಳ್ತಾರೆ. ಹಾಲು ರೂಮೆನ್‌ಗೆ ಹೋಗಲ್ಲ ಅಂದೆನಲ್ಲ, ಕಾಳು ಹುದುಗೋಕೆ ಅಲ್ಲಿ ನೀರು ಬೇಕೇ ಬೇಕು. ನೀರು ಇಡದ ಕರು ಸ್ಟಾರ್ಟರ್ ತಿನ್ನೋದೂ ಕಡಿಮೆ, ಬೆಳೆಯೋದೂ ಕಡಿಮೆ. ಏಪ್ರಿಲ್ ಬಿಸಿಲಲ್ಲಿ ಹೇಳೋದೇ ಬೇಡ. ಒಂದು ಸಣ್ಣ ಬಕೆಟ್ ನೀರಿಗೆ ಖರ್ಚು ಏನಿಲ್ಲ. ಆದರೂ ನಮ್ಮೂರ ಹತ್ತು ಕೊಟ್ಟಿಗೆ ಸುತ್ತಿದರೆ ಕರುವಿನ ಮುಂದೆ ನೀರಿರೋದು ಒಂದರಲ್ಲೋ ಎರಡರಲ್ಲೋ.

ಹುಳದ ವಿಷಯದಲ್ಲಿ ಎಮ್ಮೆ ಕರುವೇ ಹೆಚ್ಚು ನರಳೋದು. ಟಾಕ್ಸೊಕಾರಾ ಅನ್ನೋ ದುಂಡು ಹುಳದ ಮರಿ ತಾಯಿಯ ಹಾಲಿನಿಂದಲೇ ಕರುವಿಗೆ ಬರುತ್ತೆ. ಕೊಟ್ಟಿಗೆ ಎಷ್ಟೇ ಸ್ವಚ್ಛ ಇಟ್ಟರೂ ತಪ್ಪಲ್ಲ. ಅದಕ್ಕೇ ಹತ್ತರಿಂದ ಹದಿನಾರು ದಿನದ ಒಳಗೆ ಮೊದಲ ಜಂತು ಔಷಧಿ ಬಿದ್ದುಬಿಡಬೇಕು, ಡೋಸ್ ವೈದ್ಯರನ್ನು ಕೇಳಿ. ತಿಂಗಳು ಬಿಟ್ಟು ಕೊಟ್ಟರೆ ಅಷ್ಟರಲ್ಲಿ ಹುಳ ದೊಡ್ಡದಾಗಿ ಕರುಳು ತುಂಬಿರುತ್ತೆ. ಭೇದಿಯಾದಾಗ ಹಾಲು ನಿಲ್ಲಿಸೋದು ಇನ್ನೊಂದು ರೂಢಿ. ಭೇದಿಯಿಂದ ಸಾಯೋ ಕರು ಬಹುಪಾಲು ಸಾಯೋದು ನೀರು ಮತ್ತು ಲವಣ ಕಳೆದುಕೊಂಡು. ನಮ್ಮ ಮಕ್ಕಳಿಗೆ ಓಆರ್‌ಎಸ್ ಕುಡಿಸ್ತೀವಲ್ಲ, ಅದೇ ತತ್ವ. ಹಾಲು ಮುಂದುವರಿಸಿ, ಎರಡು ಹಾಲಿನ ನಡುವೆ ಲವಣದ ನೀರು ಕುಡಿಸಿ, 1962ಕ್ಕೆ ಫೋನ್ ಮಾಡಿ. ಪಶು ಆಂಬುಲೆನ್ಸ್ ನಂಬರ್ ಅದು. ನಿಮ್ಮ ಅಪ್ಪನ ಫೋನ್‌ನಲ್ಲಿ ಈಗಲೇ ಸೇವ್ ಮಾಡಿಕೊಡಿ.

ಉಣ್ಣಿ ಬಗ್ಗೆಯೂ ಎರಡು ಮಾತು. ಕ್ರಾಸ್ ತಳಿಗೆ ಉಣ್ಣಿಯಿಂದ ಬರೋ ಥೈಲೇರಿಯಾ ಜ್ವರ ಬಲು ಕೆಟ್ಟದ್ದು, ಜವಾರಿ ದನ ತಡೆದುಕೊಳ್ಳುತ್ತೆ, ಇವು ತಡೆಯಲ್ಲ. ಇದಕ್ಕೆ ರಕ್ಷಾವ್ಯಾಕ್-ಟಿ ಅನ್ನೋ ನಮ್ಮ ದೇಶದ್ದೇ ಲಸಿಕೆ ಇದೆ. ದ್ರವ ಸಾರಜನಕದಲ್ಲಿಟ್ಟು ತರಬೇಕಾದದ್ದು, ಹಾಗಾಗಿ ಮೊದಲೇ ವಿಚಾರಿಸಿಡಬೇಕು. ಹೆಣ್ಣು ಕರುವಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಕಂದು ರೋಗದ ಲಸಿಕೆ ಒಂದೇ ಸಲ, ಜೊತೆಗೆ ಕಾಲುಬಾಯಿ ಲಸಿಕೆ. 2022ರಲ್ಲಿ ಚರ್ಮಗಂಟು ರೋಗ ನಮ್ಮ ಜಿಲ್ಲೆಯನ್ನು ಕಾಡಿದಾಗ ಎಳೆ ಕರುಗಳು ಹೇಗೆ ಬಿದ್ದವು ಅಂತ ನೋಡಿದವರಿಗೆ ಲಸಿಕೆ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಗಂಡು ಕರುವಿನ ಮಾತು ಬಿಟ್ಟರೆ ಸುಳ್ಳು ಹೇಳಿದಂತೆ. ಮೇಲೆ ಬರೆದದ್ದೆಲ್ಲ ಹೆಣ್ಣು ಕರುವಿಗೇ. ಟ್ರ್ಯಾಕ್ಟರ್ ಬಂದ ಮೇಲೆ ಎಚ್‌ಎಫ್ ಗಂಡು ಕರು ಯಾರಿಗೂ ಬೇಡ, ಬಹಳ ಮನೆಗಳಲ್ಲಿ ಅದು ಹಾಲಿಲ್ಲದೆ ತಾನಾಗಿ ಕ್ಷೀಣಿಸುತ್ತೆ, ಯಾರೂ ಅದನ್ನು ಕೊಂದೆ ಅನ್ನಲ್ಲ. ಲಿಂಗ ವಿಂಗಡಿಸಿದ ವೀರ್ಯದಲ್ಲಿ ನೂರಕ್ಕೆ 90ರಷ್ಟು ಹೆಣ್ಣೇ ಬರುತ್ತೆ. ಸದ್ಯಕ್ಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ಕಾಣ್ತಿಲ್ಲ. ಮುಂದಿನ ಸಲ ಇಂಜೆಕ್ಷನ್ ಮಾಡಿಸುವಾಗ ಅದನ್ನೇ ಕೇಳಿ ಅಂತ ಅಪ್ಪನಿಗೆ ಹೇಳಿದ್ದೇನೆ.

ಬಿಸಿಲಿನ ಪಾಲು ಎಷ್ಟು?

“ಈ ಬಿಸಲಾಗ ಎಚ್‌ಎಫ್ ಕರ ಬೆಳಿಯೂದಿಲ್ಲೋ” ಅನ್ನೋದು ಊರಿನ ಮಾತು. ಅರ್ಧ ನಿಜ. ಎಳೆ ಕರುವಿಗೆ ಹಿತ ಅನಿಸೋದು 15ರಿಂದ 25 ಡಿಗ್ರಿ. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ 38 ದಾಟುತ್ತೆ. ಆಗ ಕರು ತಿನ್ನೋದು ಕಡಿಮೆ ಮಾಡಿ, ತಿಂದದ್ದರಲ್ಲೂ ಒಂದಿಷ್ಟನ್ನು ಮೈ ತಂಪು ಮಾಡಿಕೊಳ್ಳೋಕೆ ಖರ್ಚು ಮಾಡುತ್ತೆ. ಇದಕ್ಕಿಂತ ಆಶ್ಚರ್ಯದ ಸಂಗತಿ ಫ್ಲೋರಿಡಾ ವಿಶ್ವವಿದ್ಯಾಲಯದವರು ಕಂಡದ್ದು. ತುಂಬು ಗಬ್ಬದ ಆಕಳು ಕೊನೆಯ ತಿಂಗಳುಗಳಲ್ಲಿ ಬಿಸಿಲಲ್ಲಿ ಬೆಂದರೆ, ಹುಟ್ಟೋ ಕರು ಹಗುರ, ಗಿಣ್ಣದಿಂದ ಪ್ರತಿಕಾಯ ಹೀರಿಕೊಳ್ಳೋ ಶಕ್ತಿ ಕಡಿಮೆ, ಮುಂದೆ ಅದೇ ಕರು ಆಕಳಾದಾಗ ಹಾಲೂ ಕಡಿಮೆ. ಅಂದರೆ ತಾಯಿ ಉಂಡ ಬಿಸಿಲು ಮಗಳ ಕೆಚ್ಚಲಿನಲ್ಲಿ ಕಾಣುತ್ತೆ.

ಆದರೂ ನನ್ನ ಅಭಿಪ್ರಾಯ ಇದು. ಬಿಸಿಲಿನ ಮೇಲೆ ನಾವು ಹಾಕೋ ತಪ್ಪಿನಲ್ಲಿ ಹೆಚ್ಚಿನ ಪಾಲು ಹಾಲು, ಗಿಣ್ಣ, ನೀರಿಗೆ ಸೇರಬೇಕು. ಮನೆಯ ಈ ಕರು ಹುಟ್ಟಿದ್ದೂ ಬಿಸಿಲು ಏರುತ್ತಿದ್ದ ಫೆಬ್ರುವರಿ ಕೊನೆಗೆ, 500 ಗ್ರಾಂ ಬೆಳೆದದ್ದು ಏಪ್ರಿಲ್, ಮೇ ತಿಂಗಳಲ್ಲೇ. ಅದಕ್ಕೆ ಬೇವಿನ ಮರದ ನೆರಳಿತ್ತು, ಮುಂದೆ ನೀರಿತ್ತು, ಹೊಟ್ಟೆಗೆ ಹಾಲಿತ್ತು. ಒಂದು ಕರುವಿಂದ ಏನನ್ನೂ ಸಾಬೀತು ಮಾಡೋಕೆ ಆಗಲ್ಲ ಅನ್ನೋದು ನಿಜ, ಇನ್ನೊಂದು ನಾಲ್ಕು ಕರುಗಳ ಲೆಕ್ಕ ಬಂದರೆ ಮತ್ತೆ ಬರೀತೀನಿ.

ಎರಡನೇ ಆಕಳು ಬರೋ ಏಪ್ರಿಲ್‌ನಲ್ಲಿ ಈಯೋದಿದೆ. ಕೊಟ್ಟಿಗೆ ಮೇಲಿರೋದು ತಗಡು, ಮಧ್ಯಾಹ್ನ ಒಳಗೆ ನಿಂತರೆ ನೆತ್ತಿ ಸುಡುತ್ತೆ. ತಗಡಿನ ಮೇಲೆ ಕಬ್ಬಿನ ರವದಿ ಹೊದಿಸೋಣ ಅಂತ ನಾನು, ರವದಿಗೆ ಹಾವು ಬರುತ್ತೆ, ಕಿಡಿ ಬಿದ್ದರೆ ಕೊಟ್ಟಿಗೆಯೇ ಹೋಗುತ್ತೆ ಅಂತ ಅಪ್ಪ. ತಗಡಿಗೆ ಮೇಲಿಂದ ಸುಣ್ಣ ಬಳಿಯೋಣ, ಒಳಗೆ ಸೀಲಿಂಗ್ ಥರ ಹಸಿರು ನೆಟ್ ಕಟ್ಟೋಣ ಅಂತ ಅವ್ವ ಹೇಳಿದ್ದಾಳೆ. ಸುಣ್ಣದ ಖರ್ಚು ಎಷ್ಟು ಅಂತ ಅಪ್ಪ ಗೋಕಾಕದಲ್ಲಿ ವಿಚಾರಿಸಿ ಬಂದಿದ್ದಾರೆ, ನೆಟ್ ನಾನು ಬೆಂಗಳೂರಿಂದ ತರಬೇಕಂತೆ.